ಬಲಗಡೆಯ ಬಾಗಿಲು

ಫರ್ನಿಚರ್ ಅಂಗಡಿಯ ಮೊದಲನೆಯ ಮಹಡಿಯಲ್ಲಿ ವಯಸ್ಸಾದ ಗಂಡಸೊಬ್ಬ ಹೆಜ್ಜೆ ಎಣಿಸುತ್ತ ನಡೆಯುತ್ತಿದ್ದ. ಗೋಡೆಯಿಂದ ಹನ್ನೊಂದು, ಅಲ್ಲಿಂದ ಎಡಕ್ಕೆ ನಾಲ್ಕು. ಪ್ಲಾಸ್ಟಿಕ್ ಹೊದ್ದ ಡಬಲ್ ಕಾಟ್ ಒಂದಕ್ಕೆ ಮೊಣಕಾಲು ತಾಗಿ ನಿಂತುಕೊಂಡ.

"ಸರ್, ಅಳತೆ ನಾನು ಟೇಪ್ ಹಿಡಿದು ಹೇಳ್ತೀನಿ. ನಿಮ್ಮ ರೂಮ್ ಸೈಜ್ ಎಷ್ಟು?" ಎಂದಳು ಅಂಗಡಿಯ ಹುಡುಗಿ.

"ಮಂಚಕ್ಕಲ್ಲಮ್ಮ. ಇಲ್ಲಿ ನನ್ನ ಮೆಷಿನ್ ಇತ್ತು. ಸರಿಯಾಗಿ ಇಲ್ಲೇ. ನೀನು ಹುಟ್ಟೋಕೆ ಮುಂಚೆ ಇದು ಟಾಕೀಸು."

ಆಚೆ ಸಾಲಿನಲ್ಲಿ ದಿಂಬು ಒತ್ತಿ ನೋಡುತ್ತಿದ್ದ ವಯಸ್ಸಾದ ಹೆಂಗಸೊಬ್ಬಳ ಕೈ ದಿಂಬಿನೊಳಗೇ ನಿಂತುಬಿಟ್ಟಿತು. 'ಸರಿಯಾಗಿ' ಎನ್ನುವಾಗ ಅರೆಗಳಿಗೆ ತಡೆಯುವ ಆ ನಾಲಿಗೆಯನ್ನು ಗುರುತಿಸಲು ಮುಖ ನೋಡಬೇಕಾಗಿರಲಿಲ್ಲ. ನಲವತ್ತೊಂದು ವರ್ಷವಾಗಿತ್ತು ಅದನ್ನು ಕೇಳಿ.

"ಮೆಷಿನ್ ಇನ್ನೂ ಎರಡು ಹೆಜ್ಜೆ ಹಿಂದಿತ್ತು," ಎಂದಳು, ದಿಂಬನ್ನು ಕೆಳಗಿಡದೆಯೇ. "ನೀವೀಗ ನಿಂತಿರೋ ಕಡೆ ನಿಂತಿದ್ದಿದ್ರೆ ನೇರ ಬಾಲ್ಕನಿ ಮೇಲೆ ಬೀಳ್ತಿದ್ರಿ."

ಆತ ತಿರುಗಿದ. ಕನ್ನಡಕ ತೆಗೆದು, ಅಂಗಿಯ ಚುಂಗಿನಲ್ಲಿ ಒರೆಸಿ, ಮತ್ತೆ ಏರಿಸಿಕೊಂಡ.

"ಟಾರ್ಚಕ್ಕ!"

"ಟಾರ್ಚ್ ಆಗಲೇ ಹೋಯ್ತು. ಅಕ್ಕ ಹೋಗಿ ಅಜ್ಜಿ ಆಗಿದೀನಿ. ಅದಿರಲಿ, ಮೇಲಿನವನು ಇನ್ನೂ ಕೆಳಗೇ ಇದಾನಾ?"

ಆತ ಗಹಗಹಿಸಿ ನಕ್ಕ. ಟಾಕೀಸಿನಲ್ಲಿ ಆತನ ಹೆಸರೇ ಅದು. ಮೇಲುಗಡೆ ಪುಟ್ಟ ಕೋಣೆಯಲ್ಲಿ ಕೂತು ರೀಲು ಓಡಿಸುವವನನ್ನು ಎಲ್ಲರೂ ಮೇಲಿನವನು ಎನ್ನುತ್ತಿದ್ದರು. ಯಾರಾದರೂ ಕೆಲಸ ಕದ್ದರೆ, "ಮೇಲಿನವನು ನೋಡ್ತಿದಾನೆ, ಹುಷಾರು" ಎಂಬುದು ಅಲ್ಲಿನ ದಿನದ ತಮಾಷೆ.

ಹುಡುಗಿ ಇಬ್ಬರನ್ನೂ ನೋಡಿದಳು. ಏನು ಹೊಳೆಯಿತೋ, ಪಕ್ಕದ ಸಾಲಿನ ಬೆಡ್‌ಶೀಟು ಮಡಿಸಲು ಹೋದಳು.

"ಕೂತ್ಕೊಳ್ಳಿ," ಎಂದು ಆತ ಆ ಡಬಲ್ ಕಾಟನ್ನೇ ತೋರಿಸಿದ.

"ಇದರ ಮೇಲಾ? ನೋಡಿದವರು ಏನಂದ್ಕೋತಾರೆ?"

"ನಮ್ಮ ವಯಸ್ಸಿಗೆ ಸೊಂಟನೋವು ಅಂದ್ಕೋತಾರೆ."

ಕೂತರು. ಪ್ಲಾಸ್ಟಿಕ್ಕು ಕರಕರ ಎಂದಿತು. ಇಬ್ಬರ ನಡುವೆ ಮೂರನೆಯವರೊಬ್ಬರು ಕೂರುವಷ್ಟು ಜಾಗವನ್ನು ಇಬ್ಬರೂ ಹೇಳದೆಯೇ ಬಿಟ್ಟುಕೊಂಡಿದ್ದರು.

ಗಾಜಿನ ಗೋಡೆಯಾಚೆ ರಸ್ತೆ ಕಾಣುತ್ತಿತ್ತು. ಎದುರಿನ ಹೋಟೆಲೂ ಈಗ ಇಲ್ಲ. ಅಲ್ಲೀಗ ಮೊಬೈಲ್ ಮಾರುತ್ತಾರೆ. ಮ್ಯಾಟಿನಿಗೂ ಮೊದಲ ಆಟಕ್ಕೂ ನಡುವಿನ ಮುಕ್ಕಾಲು ಗಂಟೆ ಟಾಕೀಸಿನವರೆಲ್ಲ ಆ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದರು. ಒಂದಿಡೀ ಗೋಡೆಗೆ ಕನ್ನಡಿ. ಆತ ಯಾವಾಗಲೂ ಆಕೆಗೆ ಬೆನ್ನು ಹಾಕಿ ಕೂರುತ್ತಿದ್ದ, ಕನ್ನಡಿಗೆ ಮುಖ ಮಾಡಿ. ಆಕೆ ಪೇಪರು ಬಿಡಿಸಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಅಂಚಿನಿಂದ ಒಂದು ಕಣ್ಣು ಇಣುಕಿದರೆ ಕನ್ನಡಿಯಲ್ಲಿ ಎರಡು ಕಣ್ಣು ಕಾದಿರುತ್ತಿದ್ದವು. ತಕ್ಷಣ ಆತ ಸಕ್ಕರೆ ಕಲಕತೊಡಗುತ್ತಿದ್ದ. ಎಷ್ಟೋ ಸಲ ಲೋಟದಲ್ಲಿ ಟೀಯೇ ಇರುತ್ತಿರಲಿಲ್ಲ.

"ಏನಂತೆ ಸುದ್ದಿ?" ಎಂದು ಕನ್ನಡಿ ಕೇಳುತ್ತಿತ್ತು.

"ಎಲ್ಲಾ ನಿನ್ನೆಯದೇ," ಎನ್ನುತ್ತಿದ್ದಳು ಆಕೆ.

ಎಂಥ ಚುರುಕು ಮಾತು ಎಂದು ಆತ ನಗುತ್ತಿದ್ದ. ಆಕೆಗೆ ಬೇರೆ ಉತ್ತರ ಗೊತ್ತಿರಲಿಲ್ಲ. ಆಕೆಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ.

ಕೆಲಸ ಕೇಳಲು ಹೋದ ದಿನ ಮ್ಯಾನೇಜರು, "ಓದೋಕೆ ಬರುತ್ತಾ?" ಎಂದಿದ್ದರು. "ಬರುತ್ತೆ ಸರ್" ಎಂದುಬಿಟ್ಟಿದ್ದಳು. ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪ, ಶಾಲೆಗೆ ಹೋಗುವ ಇಬ್ಬರು ತಂಗಿಯರು. ಆಮೇಲೆ ಆ ಒಂದು ಮಾತನ್ನು ನಿಜವೆಂದು ನಟಿಸುವುದೇ ಕೆಲಸವಾಯಿತು. ಟಿಕೆಟನ್ನು ಬಣ್ಣದಿಂದ ಗುರುತಿಸಿದಳು: ಗುಲಾಬಿ ಮುಂದಕ್ಕೆ, ಹಸಿರು ಮಧ್ಯಕ್ಕೆ, ಹಳದಿ ಬಾಲ್ಕನಿಗೆ. ಸಾಲುಗಳನ್ನು ಕಾಲಿನಿಂದ ಎಣಿಸಿದಳು. ಕತ್ತಲಲ್ಲಿ ಟಾರ್ಚ್ ಹಿಡಿದು ಒಬ್ಬರನ್ನೂ ತಪ್ಪು ಕುರ್ಚಿಗೆ ಕೂರಿಸಲಿಲ್ಲ. ನಾಲ್ಕು ವರ್ಷ ಯಾರಿಗೂ ಅನುಮಾನ ಬರಲಿಲ್ಲ. ಆತನಿಗಂತೂ ಗೊತ್ತಾಗಬಾರದೆಂದು ಎರಡು ಪಟ್ಟು ಎಚ್ಚರ.

ಒಂದು ಬುಧವಾರ ಬಂದರೆ ಮೇಲಿನ ಕೋಣೆಯಲ್ಲಿ ಹೊಸಬ ಇದ್ದ. ಮೇಲಿನವನು ದೂರದ ಊರಿನ ಟಾಕೀಸಿಗೆ ಹೋದನಂತೆ ಎಂದರು. ಒಂದು ಮಾತಿಲ್ಲ, ಕತೆಯಿಲ್ಲ. ಎಷ್ಟೋ ತಿಂಗಳು ಬೆಳಕು ಬರುವ ಆ ಚೌಕದ ಕಿಂಡಿಯ ಕಡೆ ಕತ್ತು ತಾನಾಗಿ ತಿರುಗುತ್ತಿತ್ತು. ಆಮೇಲೆ ಮದುವೆಯಾಯಿತು. ಬೈಂಡಿಂಗ್ ಕೆಲಸದವರು, ಒಳ್ಳೆಯ ಮನುಷ್ಯ. ಅವರು ತೀರಿಹೋಗಿ ಈಗ ಆರು ವರ್ಷ. ಇಷ್ಟಾದರೂ 'ಯಾಕೆ ಹೇಳದೆ ಹೋದ?' ಎಂಬ ಪ್ರಶ್ನೆ ಮಾತ್ರ ಒಳಗೆ ಗೂಟ ಹೊಡೆದುಕೊಂಡು ಕೂತಿತ್ತು. ಇವತ್ತು ಕೇಳದಿದ್ದರೆ ಇನ್ನೆಂದೂ ಇಲ್ಲ.

ಆಕೆ ಬಾಯಿ ತೆರೆಯುವಷ್ಟರಲ್ಲಿ ಆತನೇ ಕೇಳಿದ.

"ಒಂದು ಮಾತು. ಬೇಜಾರು ಮಾಡ್ಕೋಬೇಡಿ. ಕೆಳಗಡೆ ನನ್ನ ಹೆಂಡತಿ ಮಂಡಿನೋವಿಗೆ ಅಂತ ಎತ್ತರದ ಕುರ್ಚಿ ನೋಡ್ತಿದಾಳೆ, ಮೊಮ್ಮಕ್ಕಳಿದಾರೆ, ಈಗ ಕೇಳಿ ಏನೂ ಆಗಬೇಕಾಗಿಲ್ಲ. ಆದ್ರೂ... ಯಾಕೆ ಬಲಬಾಗಿಲು ತೆಗೆದ್ರಿ?"

"ಯಾವ ಬಾಗಿಲು?"

"ಮರೆತುಬಿಟ್ರಾ? ಸ್ಲೈಡು ತೋರಿಸಿದ್ನಲ್ಲ."

ಆಟಕ್ಕೆ ಮೊದಲು ಖಾಲಿ ಟಾಕೀಸಿನಲ್ಲಿ ಆತ ದಿನಾ ಸ್ಲೈಡುಗಳನ್ನು ಹಾಕಿ ನೋಡುತ್ತಿದ್ದ. ಹೊಗೆ ಸೇದಬೇಡಿ, ಮಕ್ಕಳನ್ನು ಎತ್ತಿಕೊಳ್ಳಿ, ಹೀಗೆ. ಗಾಜಿಗೆ ದೀಪದ ಮಸಿ ಹಿಡಿಸಿ, ಸೂಜಿಯಿಂದ ಗೀರಿ ಬರೆದವು. ಕೆಳಗೆ ಕುರ್ಚಿ ಒರೆಸುತ್ತಿದ್ದ ಆಕೆ ತಲೆಯೆತ್ತಿ, ಪೂರ್ತಿ ಓದಿದವಳಂತೆ ಒಂದಷ್ಟು ಹೊತ್ತು ನೋಡಿ, ಕಿಂಡಿಯ ಕಡೆ ತಿರುಗಿ ತಲೆಯಾಡಿಸುತ್ತಿದ್ದಳು.

"ಹೊಸ ಸ್ಲೈಡು," ಎಂದ ಆತ. "ಮೂರು ದಿನ ಗೀರಿದ್ದೆ. ಎರಡು ಗಾಜು ಒಡೆದಿದ್ದೆ."

"ನಾಲ್ಕು ಸಾಲಿನದು," ಎಂದಳು ಆಕೆ ಮೆಲ್ಲಗೆ. "ಕೊನೆಯ ಸಾಲು ಗಿಡ್ಡ."

"ನೋಡಿ, ನೆನಪಿದೆ!"

ನೆನಪಿತ್ತು. ಬಿಳಿಯ ಇರುವೆಗಳು ಸಾಲು ಹಿಡಿದ ಹಾಗೆ ಇಡೀ ಪರದೆಯ ತುಂಬ. ಅವತ್ತೂ ತಲೆಯಾಡಿಸಿದ್ದಳು. ಚೆನ್ನಾಗಿದೆ ಎಂಬಂತೆ ನಕ್ಕೂ ಇದ್ದಳು.

"ಏನಿತ್ತು ಅದರಲ್ಲಿ? ನಿಮ್ಮ ಬಾಯಲ್ಲಿ ಹೇಳಿ."

ಆತ ರಸ್ತೆಯ ಕಡೆ ನೋಡುತ್ತ, ಪಾಠ ಒಪ್ಪಿಸುವವನಂತೆ ಹೇಳಿದ. "ನನ್ನ ಜೊತೆ ಬಾಳಲು ಮನಸ್ಸಿದ್ದರೆ, ಆಟ ಬಿಟ್ಟಾಗ ಎಡಬಾಗಿಲು ಮೊದಲು ತೆರೆಯಿರಿ. ಬಲಬಾಗಿಲು ತೆರೆದರೆ ಈ ಮಾತನ್ನು ಮತ್ತೆ ಎತ್ತುವುದಿಲ್ಲ."

ಆಕೆ ದಿಂಬನ್ನು ಎದೆಗೆ ಒತ್ತಿಕೊಂಡಳು.

"ನೀವು ಓದಿದ್ರಿ. ತಲೆ ಆಡಿಸಿದ್ರಿ. ನಕ್ರಿ ಕೂಡ. ಆವತ್ತು ಮ್ಯಾಟಿನಿಯ ಒಂದು ಸೀನೂ ನಾನು ನೋಡಲಿಲ್ಲ. ಕೊನೆ ರೀಲು ಮುಗೀತಿದ್ದಂಗೆ ಕಿಂಡೀಲಿ ಕಣ್ಣಿಟ್ಟು ನಿಂತೆ, ಬಿಸಿಲು ಯಾವ ಕಡೆಯಿಂದ ಒಳಗೆ ಬರುತ್ತೆ ಅಂತ." ಆತ ಬಲಗೈ ಚಾಚಿ ತೋರಿಸಿದ. "ಬಲಗಡೆಯಿಂದ ಬಂತು. ಕೊಟ್ಟ ಮಾತು, ಮತ್ತೆ ಎತ್ತಬಾರದು. ದಿನಾ ನಿಮ್ಮ ಮುಖ ನೋಡ್ಕೊಂಡು ಎತ್ತದೆ ಇರೋಕೆ ಆಗಲ್ಲ ಅಂತ ಗೊತ್ತಿತ್ತು. ಹೊರಟುಬಿಟ್ಟೆ."

ಬಸ್ ಸ್ಟಾಪು ಬಲಗಡೆಗಿತ್ತು. ಆಕೆ ನಾಲ್ಕು ವರ್ಷ ಪ್ರತಿ ಆಟಕ್ಕೂ ಬಲಬಾಗಿಲನ್ನೇ ಮೊದಲು ತೆರೆದಿದ್ದಳು. ಆವತ್ತೂ ಅಷ್ಟೇ.

"ನಂಗೆ ಓದೋಕೆ ಬರ್ತಿರ್ಲಿಲ್ಲ ರೀ."

"ಏನಂದ್ರಿ?"

"ಐವತ್ತೆರಡಕ್ಕೆ ಕಲಿತೆ, ಸಂಜೆ ಶಾಲೇಲಿ. ಆಗ ಬರ್ತಿರ್ಲಿಲ್ಲ. ಒಂದಕ್ಷರಾನೂ."

"ಸುಳ್ಳು! ದಿನಾ ಪೇಪರ್ ಓದ್ತಿದ್ರಿ, ನನ್ನ ಕಣ್ಣೆದುರಿಗೆ!"

"ಹಿಡ್ಕೊತಿದ್ದೆ. ನಿಮ್ಮನ್ನ ನೋಡೋಕೆ ಒಂದು ಮರೆ ಬೇಕಿತ್ತಲ್ಲ."

ಆತ ಧಡಕ್ಕನೆ ಎದ್ದ. ಮುಖ ಕೆಂಪೇರಿತ್ತು. "ಹೇಳಬಾರದಿತ್ತಾ? ನನ್ನ ಹತ್ರಾನೂ ನಾಚಿಕೆನಾ? ನಾನೇನು ಮ್ಯಾನೇಜರಾ?" ಎಂದು ಗದರಿದ. ಬೆಡ್‌ಶೀಟಿನ ಹುಡುಗಿ ತಿರುಗಿ ನೋಡಿದಳು.

"ಎಲ್ಲರಿಗಿಂತ ಜಾಸ್ತಿ ನಿಮ್ಮ ಹತ್ರಾನೇ. ನೀವು ನನ್ನ ಜಾಣೆ ಅಂದ್ಕೊಂಡಿದ್ರಿ." ಆಕೆಯ ಧ್ವನಿಯೂ ಏರಿತು. "ನೀವಾದ್ರೂ ಮೆಟ್ಟಿಲಿಳಿದು ಬಂದು ಬಾಯಿಬಿಟ್ಟು ಕೇಳಬಾರದಿತ್ತಾ? ಹದಿನೆಂಟು ಮೆಟ್ಟಿಲು! ಮೇಲಿನವನಂತೆ ಮೇಲಿನವನು!"

ಸಿಟ್ಟು ಸ್ವಲ್ಪಸ್ವಲ್ಪವೇ ಇಳಿದುಹೋಗಿ, ಅದಿದ್ದ ಜಾಗದಲ್ಲಿ ಏನೂ ಉಳಿಯದ ಹಾಗೆ ಆತನ ಮುಖ ಖಾಲಿಯಾಯಿತು. ಮತ್ತೆ ಕೂತ. ಈ ಸಲ ನಡುವಿನ ಜಾಗ ಉಳಿಯಲಿಲ್ಲ.

"ಓದೋಕೆ ಬಂದಿದ್ದಿದ್ರೆ?" ಎಂದ. "ಎಡಬಾಗಿಲು ತೆಗೀತಿದ್ರಾ?"

ಆಕೆ ಮೊದಲ ಸಲ ಆತನ ಕಣ್ಣನ್ನೇ ನೇರವಾಗಿ ನೋಡಿದಳು, ಕನ್ನಡಿಯಿಲ್ಲದೆ, ಪೇಪರಿಲ್ಲದೆ.

"ಇಲ್ಲ. ಆಟ ಬಿಡೋ ತನಕ ಯಾರು ಕಾಯ್ತಿದ್ರು?"

ಆತ ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದ. ಕನ್ನಡಕವಲ್ಲ, ಕಣ್ಣು. ಆಕೆ ಆತನ ಮೊಣಕೈಯ ಮೇಲೆ ಬೆರಳಿಟ್ಟಳು. ಅಷ್ಟೇ.

"ಏನ್ರೀ," ಎಂದು ಕೆಳಗಿನಿಂದ ಹೆಣ್ಣುದನಿ ಕೂಗಿತು, ಪ್ರೀತಿಯ ಗದರಿಕೆಯ ದನಿ. "ಅಲ್ಲೇ ಮಲಗಿಬಿಟ್ರಾ? ಕುರ್ಚಿ ಸಿಕ್ತು, ಬನ್ನಿ!"

"ಬಂದೆ ಕಣೇ."

ಆಕೆ ಬೆರಳು ತೆಗೆದಳು. ಆತ ಎದ್ದು ಅಂಗಿ ಸರಿಮಾಡಿಕೊಂಡ. ಮನೆಯಿಂದ ಹೊರಡುವವರು ಯಾರೇ ಆಗಲಿ 'ಬರ್ತೀನಿ' ಎನ್ನುತ್ತಾರೆ. ಅದೇ ಮಾತು ಆತನ ತುಟಿಯವರೆಗೆ ಬಂದದ್ದನ್ನು ಆಕೆ ಕಂಡಳು. ಆತ ಅದನ್ನು ನುಂಗಿಕೊಂಡ.

"ಹೋಗ್ತೀನಿ," ಎಂದ.

"ಹ್ಞೂಂ," ಎಂದಳು ಆಕೆ. "ಈ ಸಲ ಹೇಳಿ ಹೋಗ್ತಿದೀರಲ್ಲ."