ಅದಲುಬದಲಾದ ಪೇಟೆಬೀದಿ

ನಾಳೆ ನಕ್ಷೆಯ ಉದ್ಘಾಟನೆ ಅನ್ನುವಾಗ ಫೋಟೊ ಸ್ಟುಡಿಯೋದವನು ಲೈಬ್ರರಿಯ ಬಾಗಿಲಲ್ಲಿ ನಿಂತು, "ಮೇಡಂ, ಒಂದು ತಪ್ಪಾಗಿದೆ" ಅಂದ.

ಗೋಡೆಯ ತುಂಬ ನಕ್ಷೆ. ಇಪ್ಪತ್ತು ವರ್ಷದ ಹಿಂದಿನ ಪೇಟೆಬೀದಿ ಅದು. ಟಾಕೀಸು, ಹಳೇ ಅಂಚೆ ಕಚೇರಿ, ಅಂಗಡಿಗಳ ಸಾಲು, ಯಾವುದೂ ಈಗಿಲ್ಲ. ಎಲ್ಲವನ್ನೂ ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದ್ದಾರೆ. ಲೈಬ್ರರಿ ಮೇಡಂ ಮೂರು ತಿಂಗಳು ಕೂತು ಆ ನಕ್ಷೆ ಬರೆದಿದ್ದಳು, ಖುಷಿಯಿಂದಲೂ ಅಲ್ಲ, ಬೇಸರದಿಂದಲೂ ಅಲ್ಲ. ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಎಲ್ಲವೂ ಉಪ್ಪಿಲ್ಲದ ಊಟ.

"ಏನು ತಪ್ಪು?"

"ನೀರಿನ ಟ್ಯಾಂಕಿನ ಮೇಲಿಂದ ತೆಗೆದ ದೊಡ್ಡ ಫೋಟೊ ಇದೆಯಲ್ಲ, ಅದರ ನೆಗೆಟಿವ್ ನಾನು ಮಗುಚಿ ಇಟ್ಟು ಪ್ರಿಂಟ್ ಹಾಕಿಬಿಟ್ಟಿದ್ದೆ. ಎಡಗಡೆದು ಬಲಕ್ಕೆ ಬಂದಿದೆ. ನೀವು ಅದನ್ನೇ ನೋಡಿ ಬರೆದಿದೀರ."

"ಯಾವಾಗ ಗೊತ್ತಾಯ್ತು?"

ಅವನು ತನ್ನ ಚಪ್ಪಲಿ ನೋಡಿಕೊಂಡ. "ಮೂರು ವಾರ ಆಯ್ತು."

"ಮೂರು ವಾರ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ಹೇಳಿದ್ರೆ ನೀವು ಬೇರೆ ಸ್ಟುಡಿಯೋಗೆ ಹೋಗ್ತಿದ್ರಿ. ದಿನಾ ಸಂಜೆ ನಿಮ್ಮನ್ನ ನೋಡೋಕೆ ಈ ಫೋಟೊ ತಂದುಕೊಡೋದು ಬಿಟ್ರೆ ನನಗೆ ಬೇರೆ ನೆಪ ಎಲ್ಲಿತ್ತು?"

ಕಿವಿಯ ತುದಿಯವರೆಗೂ ಕೆಂಪಾಗಿದ್ದ ಮನುಷ್ಯ. ಬೇರೆ ಯಾರಿಗಾದರೂ ಈ ಮಾತಿಗೆ ಎದೆ ಝಲ್ಲೆನ್ನುತ್ತಿತ್ತು. ಅವಳಿಗೆ ಏನೂ ಆಗಲಿಲ್ಲ. ಸಿಟ್ಟಾದರೂ ಬರಲಿ ಅಂತ ಕಾದಳು, ಅದೂ ಬರಲಿಲ್ಲ.

"ಮತ್ತೆ ಇವತ್ಯಾಕೆ ಹೇಳಿದ್ರಿ?"

"ನಾಳೆ ಜನ ನಿಮ್ಮನ್ನ ಆಡ್ಕೋಬಾರ್ದು ಅಂತ. ಅಲ್ಲದೆ..." ಅವನು ತಡವರಿಸಿದ. "ಬಸ್ ಸ್ಟ್ಯಾಂಡಿಂದ ಬಂದ್ರೆ ನಿಮ್ಮಪ್ಪನ ಟೈಲರ್ ಅಂಗಡಿ ಎಡಗಡೆ ಅಲ್ವಾ? ನೀವೇ ಬಲಗಡೆ ಬರೆದಿದೀರ. ನೀವೂ ಅದನ್ನ ಗಮನಿಸ್ಲಿಲ್ವಲ್ಲ ಅಂತ ನನಗೆ ತಡ್ಕೊಳ್ಳೋಕೆ ಆಗ್ಲಿಲ್ಲ."

ಅವಳು ನಕ್ಷೆಯತ್ತ ತಿರುಗಿದಳು. ಹತ್ತು ವರ್ಷ, ದಿನಾ ಸಂಜೆ ಸ್ಕೂಲು ಬಿಟ್ಟ ಮೇಲೆ ಬಸ್ಸಿಳಿದು ಕಣ್ಣುಮುಚ್ಚಿಕೊಂಡು ಎಡಕ್ಕೆ ಹೋಗುತ್ತಿದ್ದ ಹುಡುಗಿ ಅವಳು. ಅಪ್ಪ ಮಿಷನ್ ನಿಲ್ಲಿಸಿ, "ಬಂದ್ಯಾ ಪುಟ್ಟಿ?" ಅನ್ನುತ್ತಿದ್ದರು. ಆ ಅಂಗಡಿಯನ್ನು ಬಲಗಡೆ, ತನ್ನದೇ ಕೈಯಿಂದ, ದುಂಡಗೆ ಬರೆದು, ಪೆನ್ನಿನ ಕ್ಯಾಪ್ ಹಾಕಿ ಮನೆಗೆ ಹೋಗಿದ್ದಳು.

ಅಪ್ಪನನ್ನು ಮಣ್ಣು ಮಾಡಿದ ದಿನವೂ ಬಾರದ ಅಳು ಈಗ ಬಂತು.

"ಅಯ್ಯೋ, ಅಳ್ಬೇಡಿ, ನಾನೇ ಸರಿ ಮಾಡ್ಕೊಡ್ತೀನಿ."

"ಸುಮ್ನಿರಿ. ಅಳೋಕೆ ಬಿಡಿ."

ಅವನು ಸ್ಟೂಲಿನ ಮೇಲೆ ಕೂತ. ಅಳು ಮುಗಿದ ಮೇಲೆ ಅವಳು ಲೈಬ್ರರಿ ಸಮಿತಿಯ ಅಧ್ಯಕ್ಷರಿಗೆ ಫೋನ್ ಮಾಡಿ, ಉದ್ಘಾಟನೆ ಒಂದು ತಿಂಗಳು ಮುಂದಕ್ಕೆ ಹಾಕಿ ಅಂದಳು. ಅವರಿಂದ ಚೆನ್ನಾಗಿ ಬೈಸಿಕೊಂಡಳು, ಕೊನೆಗೆ ಒಪ್ಪಿಸಿದಳು.

"ದಿನಾ ಬಂದು ಸಹಾಯ ಮಾಡ್ತೀನಿ," ಅಂದ ಅವನು.

"ನಕ್ಷೆ ಮುಗಿದ ಮೇಲೆ?"

ಕೇಳಿಬಿಟ್ಟ ಮೇಲೆ, ಅವನು ಏನನ್ನುತ್ತಾನೋ ಎಂದು ಅವಳಿಗೆ ಹೆದರಿಕೆಯಾಯಿತು.

"ಆಮೇಲೂ ಬರ್ತೀನಿ," ಅಂದ. "ನೀವು ಬಾ ಅಂದ್ರೆ."

"ಬನ್ನಿ," ಅಂದಳು ಅವಳು.