ತಾಯಿಮೀನಿನ ಬಾಯಲ್ಲಿ ಕಳ್ಳ

"ಉಂಡ ಮನೆಗೇ ಎರಡು ಬಗೆದ್ಯಲ್ಲೇ! ಮೀನಿನ ಮರಿ ಎಲ್ಲಿ? ಎದುರಂಗಡಿಯವನಿಗೆ ಕೊಟ್ಟು ಬಂದ್ಯಾ?"

"ಅಣ್ಣಾ, ಬಾಯಿಗೆ ಬಂದಹಾಗೆ ಮಾತಾಡಬೇಡ!"

ಸಾಕುಮೀನು ಮಾರುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಣ್ಣ ತಂಗಿ ಕೋಳಿಜಗಳಕ್ಕೆ ನಿಂತಿದ್ದರು. ಪೊಲೀಸ್ ಕೆಲಸದಿಂದ ನಿವೃತ್ತನಾದ ಸೋದರಮಾವ ಚಪ್ಪಲಿ ಬಿಡುವ ಮೊದಲೇ ನಡುವೆ ಸಿಕ್ಕಿಬಿದ್ದ.

"ಏನಾಯ್ತು? ಒಬ್ಬರೇ ಹೇಳಿ."

ಅಣ್ಣ ಹೇಳಿದ. ಈ ಜಾತಿಯ ತಾಯಿಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು, ಕೂಳು ಬಿಟ್ಟು, ಮರಿ ಮಾಡುತ್ತದೆ. ಇವತ್ತು ಬಾಯಿ ಬಿಡಿಸಿದರೆ ಬೋಗುಣಿಗೆ ಬಿದ್ದದ್ದು ಮೂರೇ ಮೂರು — ಅವೂ ಬೇರೆ ಜಾತಿಯವು! ತೊಟ್ಟಿ ನೋಡಿಕೊಳ್ಳುವವಳು ತಂಗಿ.

"ಮರಿಗಳನ್ನ ಮಾರ್ಕೊಂಡು, ಕಣ್ಣಿಗೆ ಮಣ್ಣೆರಚೋಕೆ ಇವನ್ನ ತುರುಕಿದಾಳೆ. ಇನ್ನು ಅಂಗಡಿ ಬೀಗದ ಕೈ ಇವಳಿಗಿಲ್ಲ!"

ತಂಗಿ ಸೊಂಟದ ಬೀಗದ ಕೈಯನ್ನು ಬಿಗಿಯಾಗಿ ಹಿಡಿದಳು. ಅಪ್ಪ ಸಾಯುವಾಗ ಕೊಟ್ಟ ಕೈ ಅದು. ಅವಳಿಗೆ ಅಂತ ಇದ್ದದ್ದು ಅದೊಂದೇ.

ಮಾವ ಭೂತಗನ್ನಡಿ ಹಿಡಿದು ಬೋಗುಣಿಯ ಮೇಲೆ ಬಗ್ಗಿದ.

"ಇವಕ್ಕೆ ಮೀಸೆ ಇದೆಯಲ್ಲ?"

"ಬೆಕ್ಕುಮೀನಿನ ಮರಿ ಮಾವ. ದೊಡ್ಡವು ಅದೇ ತೊಟ್ಟೀಲಿವೆ, ಮೈಮೇಲೆ ಚುಕ್ಕಿ ಇರೋ ಗಂಡುಹೆಣ್ಣು ಜೋಡಿ," ಎಂದಳು ತಂಗಿ.

"ಅಲ್ಲಿಗೆ ಬಿಟ್ಟೋರು ಯಾರು?"

ಅಣ್ಣ ಕೆಮ್ಮಿದ. "ನಾನೇ. ಅವುಗಳ ತೊಟ್ಟಿ ಸೋರ್ತಿತ್ತು."

"ಬೇಡ ಅಂದೆ ಮಾವ. ಮೊಟ್ಟೆ ಇಡೋವಾಗ ಅವು ನಡುವೆ ನುಗ್ತಿವೆ ಅಂದೆ. 'ಮೀನಿಗೂ ಬೇರೆ ಸಂಸಾರ ಹೂಡಿಕೊಡ್ಲಾ' ಅಂತ ನಕ್ಕ."

ಮಾವ ಭೂತಗನ್ನಡಿಯನ್ನು ಅಣ್ಣನ ಕೈಗೆ ತುರುಕಿದ.

"ಮರಿಗಳ ಹೊಟ್ಟೆ ನೋಡೋ. ತಮಟೆ ಆಗಿದೆ. ಒಳಗೇನು ಕಾಣ್ತದೆ?"

ಗಾಜಿನಂಥ ಹೊಟ್ಟೆಯೊಳಗೆ ಕಪ್ಪು ಚುಕ್ಕಿಗಳು — ಜೋಡಿ ಜೋಡಿ.

"ಕಣ್ಣು..." ಅಣ್ಣನ ದನಿ ಇಳಿಯಿತು.

"ನಿನ್ನ ಮರಿಗಳ ಕಣ್ಣು! ತಾಯಿ ಮೊಟ್ಟೆ ಇಡುವಾಗ ಚುಕ್ಕಿ ಜೋಡಿ ನುಗ್ಗಿ ತಮ್ಮ ಮೊಟ್ಟೇನೂ ಬೆರೆಸಿವೆ. ಎಲ್ಲಾ ನನ್ನವೇ ಅಂತ ಈ ತಾಯಿ ಬಾಯಿಗೆ ತುಂಬಿಕೊಂಡಳು. ಬೆಕ್ಕುಮೀನಿನ ಮೊಟ್ಟೆ ಮೊದಲು ಒಡೀತು. ಹಸಿದ ಮರಿಗಳು ಜೊತೇಲಿದ್ದವನ್ನೆಲ್ಲ ನುಂಗಿದ್ವು. ಕಳ್ಳ ತಾಯಿ ಬಾಯಲ್ಲೇ ಬೆಳೆದ ಕಣೋ. ಬಾಗಿಲು ತೆಗೆದೋನು ನೀನು. ಮರಿ ಹೊಟ್ಟೆ ನೋಡೋದು ಬಿಟ್ಟು ತಂಗಿ ಮೇಲೆ ಹಾರಿದೆ."

ತಂಗಿ ಬೋಗುಣಿಯನ್ನು ತೊಟ್ಟಿಗೆ ಬಗ್ಗಿಸಿದಳು. ಉಪವಾಸದಿಂದ ಸೊರಗಿದ್ದ ತಾಯಿಮೀನು ಧಾವಿಸಿ ಬಂದು ಬಾಯಿ ತೆರೆಯಿತು. ಮೂರೂ ಒಳಹೊಕ್ಕವು.

"ಪಾಪ, ಅದಕ್ಕೆ ಇನ್ನೂ ಗೊತ್ತಿಲ್ಲ," ಎಂದ ಅಣ್ಣ ಮೆಲ್ಲಗೆ.

"ನನಗೆ ಗೊತ್ತಾಯ್ತು," ಎಂದಳು ತಂಗಿ.

ಸೊಂಟದ ಬೀಗದ ಕೈ ಬಿಚ್ಚಿ ತೊಟ್ಟಿಯ ಮುಚ್ಚಳದ ಮೇಲಿಟ್ಟು ಹೊರಟಳು.

"ಹೋಗ್ಲಿ ಬಿಡಿ ಮಾವ, ಊಟದ ಹೊತ್ತಿಗೆ ಬಂದೇ ಬರ್ತಾಳೆ."

ಬರಲಿಲ್ಲ.