ಉಂಗುರವಿಲ್ಲದ ಬಟ್ಟಲು

ಬೆಳಗಿನ ಆರು ಗಂಟೆಗೆ ಹೊನ್ಮಾ ಗೆನ್ನೊಸುಕೆಯ ಹೆಣ ಏಳನೇ ತೊಟ್ಟಿಯಲ್ಲಿ ಸಿಕ್ಕಿತು. ಎರಡು ಆಳೆತ್ತರದ ತೊಟ್ಟಿ. ಒಳಗೆ ಹುದುಗುತ್ತಿದ್ದ ಅಕ್ಕಿಗಂಜಿ. ನೊರೆಯ ಮೇಲೆ ಬಿಳಿ ಕೋಟಿನ ಬೆನ್ನು ಮಾತ್ರ ಕಾಣುತ್ತಿತ್ತು. ಗಂಜಿ ಹುದುಗುವಾಗ ಮೇಲೆ ನಿಲ್ಲುವ ಗಾಳಿ ಎರಡೇ ಉಸಿರಿಗೆ ಮನುಷ್ಯನನ್ನು ಕೆಡವುತ್ತದೆ. ತೊಟ್ಟಿಗೆ ಬಗ್ಗಬೇಡಿ ಎಂದು ನಲವತ್ತು ಚಳಿಗಾಲ ಆಳುಗಳಿಗೆ ಬೈದು ಬುದ್ಧಿ ಹೇಳಿದವನೇ ಈ ಹೊನ್ಮಾ. ಸಾಕೆ ಎಂಬ ಅಕ್ಕಿಯ ಮದ್ಯ ತಯಾರಿಸುವ ಆ ಸಾಕೆಮನೆಯ ತೋಜಿ, ಅಂದರೆ ದೊಡ್ಡ ಮೇಸ್ತ್ರಿ.

ಹೆಣ ಮೊದಲು ಕಂಡವಳು ಮಗಳು ಚಿಗುಸಾ. ಸಾಕೆಮನೆಯ ಬಾಗಿಲಲ್ಲಿರುವ ಅಂಗಡಿ ನೋಡಿಕೊಳ್ಳುವವಳು. ನೋಡಲು ಬಂದ ಜನ ನೆನಪಿಗೆಂದು ಬಟ್ಟಲು, ಹೂಜಿ, ಸಾಕೆ ಚರಟದಲ್ಲಿ ಊರಿದ ಸೌತೆಕಾಯಿ ಕೊಂಡೊಯ್ಯುವುದು ಅಲ್ಲಿಂದಲೇ.

ಇನ್‌ಸ್ಪೆಕ್ಟರ್ ಇಗರಾಶಿ ಸಾಯೊ ಕೇಳಿದ ಮೊದಲ ಪ್ರಶ್ನೆಯೇ ಅದು.

"ಅಂಗಡಿಯವಳು ನೀನು. ಆರು ಗಂಟೆಗೆ ತೊಟ್ಟಿ ಏಣಿ ಮೇಲೆ ನಿನಗೇನು ಕೆಲಸ?"

ಚಿಗುಸಾ ಮುಖ ಆಚೆ ತಿರುಗಿಸಿದಳು.

* * *

ಚಿಕ್ಕ ಮೇಸ್ತ್ರಿ ತೊಗಾಶಿ ಮಾತ್ರ ಧಾರಾಳವಾಗಿ ಮಾತಾಡಿದ. ಇಪ್ಪತ್ತು ವರ್ಷ ಹೊನ್ಮಾನ ಕೈಕೆಳಗೆ ದುಡಿದವನು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

"ಐದೂವರೆ ಇರಬಹುದು ಮೇಡಂ. ಆಳುಗಳೆಲ್ಲ ಹೊರಗೆ ಅಕ್ಕಿ ತೊಳೀತಿದ್ರು. ದೊಡ್ಡೋರು ದೀಪದ ಕೆಳಗೆ ನಿಂತು, ಸೋಸಿದ ಗಂಜಿನ ಬಟ್ಟಲಲ್ಲಿ ನೋಡ್ತಿದ್ರು. 'ತೊಗಾಶಿ, ಏಳನೇದು ಕೆಟ್ಟಿದೆ ಕಣೋ, ಉಂಗುರ ಮಸುಕಾಗಿ ಕಾಣ್ತಿದೆ' ಅಂದ್ರು. ಹೇಳ್ತಾ ಹೇಳ್ತಾನೇ ಏಣಿ ಹತ್ತಿದ್ರು. ನಾನು ಒಲೆ ಕಡೆ ಹೋದೆ. ಹೋಗಬಾರದಿತ್ತು."

ಏಣಿಯ ತುದಿಯ ಅಟ್ಟಣೆಯ ಮೇಲೆ ಬಟ್ಟಲು ಸಿಕ್ಕಿತು. ಬಿಳಿ ಪಿಂಗಾಣಿ, ತಳದಲ್ಲಿ ಎರಡು ನೀಲಿ ಉಂಗುರ. ಸಾಕೆ ತಿಳಿಯಾಗಿದ್ದರೆ ಉಂಗುರದ ಅಂಚು ಚೊಕ್ಕವಾಗಿ ಕಾಣುತ್ತದೆ. ಕದಡಿದ್ದರೆ ಇಲ್ಲ. ರುಚಿ ನೋಡುವ ಬಟ್ಟಲು ಎಂದರೆ ಇದೇ. ಅಲ್ಲಿಗೆ ಕಥೆ ಮುಗಿಯಬೇಕಿತ್ತು.

ಸಾಯೊ ಬಟ್ಟಲನ್ನು ಬೋರಲು ಹಾಕಿ ಉಗುರಿನಿಂದ ತಳ ಸವರಿದಳು. ಅಂಟು. ಬೆಲೆಚೀಟಿ ಕಿತ್ತ ಜಾಗ.

ಈ ಹೆಂಗಸಿಗೆ ಒಂದು ಹುಚ್ಚಿತ್ತು. ಶೋನಾಯ್ ಬಯಲಿನ ಯಾವ ಸಾಕೆಮನೆಗೆ ಹೋದರೂ ಅಂಗಡಿಗೆ ನುಗ್ಗಿ ಒಂದು ಬಟ್ಟಲು ಕೊಳ್ಳುವುದು. ಮನೆಯಲ್ಲಿ ಮುನ್ನೂರಕ್ಕೂ ಹೆಚ್ಚು ಬಟ್ಟಲಿವೆ, ಕುಡಿಯುವುದು ಮಾತ್ರ ಬಾರ್ಲಿ ಚಹಾ ಎಂದು ಠಾಣೆಯವರು ಕಿಚಾಯಿಸುತ್ತಾರೆ. ಅಂಥವಳ ಕಣ್ಣಿಗೆ ಅಂಗಡಿ ಮಾಲು ತಪ್ಪುತ್ತದೆಯೇ?

* * *

ಹೊರಗೆ ಬಸ್ಸಿನಲ್ಲಿ ಬಂದ ಗಿರಾಕಿಗಳು ಹಿಮದಲ್ಲಿ ನಿಂತು ಗೊಣಗುತ್ತಿದ್ದರು. ಅಂಗಡಿಗೆ ಬೀಗ. ಬೀಗದ ಕೈ ಚಿಗುಸಾಳ ಬಳಿ ಒಂದು, ಆಳುಗಳ ಕೋಣೆಯ ಗೋಡೆಯಲ್ಲಿ ಇನ್ನೊಂದು.

ಒಳಗೆ ಉಂಗುರದ ಬಟ್ಟಲುಗಳ ಸಾಲಿನಲ್ಲಿ ಒಂದು ಜಾಗ ಖಾಲಿ.

"ನಿನ್ನೆ ಸಂಜೆ ಅಪ್ಪ ಮಗಳು ಜಗಳ ಆಡಿದ್ರಂತೆ. ಎಲ್ಲ ಆಳುಗಳಿಗೂ ಕೇಳಿಸಿದೆ" ಎಂದಳು ಸಾಯೊ. "ಹೆಣ ಕಂಡಿದ್ದು ನೀನು. ಬಟ್ಟಲು ನಿನ್ನಂಗಡೀದು. ಬಾಯಿ ಬಿಡದಿದ್ರೆ ಕೋಳ ನಿನ್ನ ಕೈಗೇ ಬೀಳೋದು, ತಾಯಿ."

"ಬೀಳಲಿ."

ಸಾಯೊಗೆ ಕೋಪ ಬಂತು. ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಈ ಹುಡುಗಿ ಯಾರನ್ನೋ ಕಾಪಾಡುತ್ತಿದ್ದಳು. ಸತ್ತವನನ್ನೇ ಕಾಪಾಡುತ್ತಿರಬಹುದೆಂದು ಆಗ ಸಾಯೊಗೆ ಹೊಳೆಯಲಿಲ್ಲ.

ಗಲ್ಲಾದ ಕೆಳಗೆ, ಕೈವಸ್ತ್ರದಲ್ಲಿ ಸುತ್ತಿದ್ದ ಇನ್ನೊಂದು ಬಟ್ಟಲಿತ್ತು. ಸವೆದ ಅಂಚು, ಸಾಕೆಯ ವಾಸನೆ. ತಳಕ್ಕೆ ಬೆರಳಾಡಿಸಿದರೆ ಮೊಳೆಯಿಂದ ಗೀಚಿದ ಹೆಸರು ಸಿಗುತ್ತಿತ್ತು: ಹೊನ್ಮಾ. ಒಳಗೆ ಬರಿ ಬಿಳಿ. ಉಂಗುರವೇ ಇಲ್ಲ.

ಸಾಯೊ ಕಣ್ಣು ಮುಚ್ಚಿ, ಬೆರಳಿನಿಂದಲೇ ಆ ಹೆಸರನ್ನು ಇನ್ನೊಮ್ಮೆ ಓದಿದಳು. ಉಂಗುರವಿಲ್ಲದ ಬಟ್ಟಲನ್ನು ಯಾವ ತೋಜಿ ತಾನೇ ಇಟ್ಟುಕೊಳ್ಳುತ್ತಾನೆ?

"ನಿಮ್ಮಪ್ಪಂಗೆ ಕಣ್ಣು ಯಾವಾಗಿಂದ ಕಾಣಿಸ್ತಿರಲಿಲ್ಲ?"

ಚಿಗುಸಾ ಕೈವಸ್ತ್ರವನ್ನು ಮಡಚತೊಡಗಿದಳು.

"ಎರಡು ವರ್ಷ. ನೆರಳು ಬೆಳಕು ಗೊತ್ತಾಗ್ತಿತ್ತು, ಅಷ್ಟೆ. ಈ ಮನೆಯ ಕಂಬ ಕಂಬಾನೂ ಅಪ್ಪನ ಕಾಲಿಗೆ ಗೊತ್ತು, ಯಾರಿಗೂ ಅನುಮಾನ ಬರಲಿಲ್ಲ. ಏಣಿ ಮಾತ್ರ ಹತ್ತಿಸಲಿಲ್ಲ ನಾನು. ಆರು ಗಂಟೆಗೆ ಆಳುಗಳು ತಿಂಡಿಗೆ ಕೂತಾಗ ನಾನೇ ಹತ್ತಿ ಗಂಜಿ ತರ್ತಿದ್ದೆ. ಬಣ್ಣ ನಾನು ಹೇಳ್ತಿದ್ದೆ, ಬಾಕಿ ಅಪ್ಪನ ಮೂಗು, ನಾಲಿಗೆ. ಬಟ್ಟಲು ರಾತ್ರಿ ತೊಳೆಯೋಕೆ ನನ್ನ ಹತ್ರ ಇರೋದು. ದಯವಿಟ್ಟು ಹೊರಗೆ ಹೇಳಬೇಡಿ ಮೇಡಂ. ಕುರುಡ ಮಾಡಿದ ಸಾಕೆ ಅಂತ, ಅದಕ್ಕೆ ಬಂದ ಬಹುಮಾನಕ್ಕೂ ಮಸಿ ಬಳೀತಾರೆ. ಅಪ್ಪ ಸಂಪಾದಿಸಿದ್ದು ಹೆಸರೊಂದೇ."

"ಜಗಳ?"

"ಈ ಸಲ ತೋಜಿ ಕೆಲಸ ನಿನಗೇ ಕೊಡ್ತೀನಿ ಅಂದ ಅಪ್ಪ. ಬೇಡ, ಇನ್ನೊಂದು ವರ್ಷ ಹೀಗೇ ಇರಲಿ ಅಂದೆ. ಅಷ್ಟರಲ್ಲಿ ಹೋಗಿ ತೊಗಾಶಿ ಮಾಮಂಗೆ ಹೇಳಿಬಿಟ್ಟಿದ್ದ. ಕಣ್ಣಿನ ವಿಷಯ ಒಂದು ಬಿಟ್ಟು."

* * *

ತೊಗಾಶಿಯನ್ನು ಅಂಗಡಿಗೆ ಕರೆಸಿದರು. ಸಾಯೊ ಎರಡು ಬಟ್ಟಲನ್ನೂ ಮೇಜಿನ ಮೇಲಿಟ್ಟಳು.

"ದೊಡ್ಡೋರ ಬಟ್ಟಲು ಯಾವುದು?"

"ಉಂಗುರದ್ದು, ಮತ್ತಿನ್ಯಾವುದು? ಇದು ಮಕ್ಕಳು ಹಾಲು ಕುಡಿಯೋ ಹಾಗಿದೆ."

"ಇಪ್ಪತ್ತು ವರ್ಷ ಜೊತೆಗಿದ್ದು ಇದನ್ನ ಒಂದು ಸಲಾನೂ ನೋಡಿಲ್ವಾ?"

"ಈಚೆಗೆ ಅವರು ಬಟ್ಟಲು ಯಾರ ಕೈಗೂ ಕೊಡ್ತಿರಲಿಲ್ಲ. ಆಚೆ ತಿರುಗಿ ರುಚಿ ನೋಡೋರು."

ಸಾಯೊ ಬಿಳಿ ಬಟ್ಟಲನ್ನು ಬೋರಲು ಹಾಕಿ ಹೆಸರು ತೋರಿಸಿದಳು. ಚಿಗುಸಾ ತಲೆ ತಗ್ಗಿಸಿಯೇ, ತಾನೇ ಆ ಮಾತು ಆಡಿದಳು. ಅಪ್ಪನಿಗೆ ಕಣ್ಣಿರಲಿಲ್ಲ.

ತೊಗಾಶಿಯ ಮುಖ ಬಿಳಿಚಿತು. ಮರುಗಳಿಗೆಯೇ ಸಾವರಿಸಿಕೊಂಡ.

"ಹಾಗಾದ್ರೆ ಪಾಪ, ಕಾಲು ಜಾರಿಯೇ ಬಿದ್ದಿರಬೇಕು."

"ಕಣ್ಣಿಲ್ಲದವರು ಜಾರಬಹುದು" ಎಂದಳು ಸಾಯೊ. "ಆದ್ರೆ ಉಂಗುರ ಮಸುಕಾಗಿದೆ ಅನ್ನಲ್ಲ, ತಾವಾಗಿ ಏಣೀನೂ ಹತ್ತಲ್ಲ. ನೀನು ಐದೂವರೆಗೆ ನೋಡಿದ್ದು ಬರೀ ನಿನ್ನ ತಲೇಲಿ ಹುಟ್ಟಿದ್ದು. ಅವರಾಗಿ ಹತ್ತಿದ್ರು ಅಂತ ನಂಬಿಸೋಕೆ ಬಟ್ಟಲು ಬೇಕಾಯ್ತು. ಅವರ ಕೋಟಿನಲ್ಲಿ ನೀನು ಹುಡುಕಿದೆ, ಸಿಗಲಿಲ್ಲ. ಗೋಡೇಲಿದ್ದ ಬೀಗದ ಕೈ ತಗೊಂಡು ಅಂಗಡಿಯಿಂದ ಒಂದು ತಂದೆ, ಚೀಟಿ ಕಿತ್ತೆ. ಸಾಕೆಮನೇಲಿ ಬೆಳೆದವನು ನೀನು. ತೋಜಿ ಕೈಯಲ್ಲಿ ಉಂಗುರವಿಲ್ಲದ ಬಟ್ಟಲು ಇರಬಹುದು ಅಂತ ನಿನಗೆ ಹೊಳೆಯೋದಾದ್ರೂ ಹೇಗೆ? ಇನ್ನೊಂದು. ಮುಂದಕ್ಕೆ ಬಗ್ಗಿ ಬಿದ್ದವರಿಗೆ ತಲೆ ಹಿಂದೆ ಪೆಟ್ಟು ಬಿದ್ದಿದೆ. ಗಂಜಿ ಕಲಕೋ ಮರದ ಹುಟ್ಟಿನ ಅಳತೆಗೆ ಸರಿ ಹೊಂದುತ್ತೆ ಅಂತ ಡಾಕ್ಟರು ಈಗತಾನೆ ಫೋನ್ ಮಾಡಿದ್ರು."

ತೊಗಾಶಿ ನಿಂತಲ್ಲೇ ಮಂಡಿಯೂರಿದ. ಅವನು ನೋಡಿದ್ದು ಸಾಯೊಳನ್ನಲ್ಲ, ಚಿಗುಸಾಳನ್ನು.

"ತೋಜಿ ಕೆಲಸಾನ ಅಂಗಡಿ ಕೂಸಿಗೆ ಕೊಡ್ತೀನಿ ಅಂದ್ರು. ಇಪ್ಪತ್ತು ವರ್ಷ ಕಾದಿದ್ದೆ ನಾನು. ಯಾಕೆ ಅಂತ ಕೇಳಿದ್ರೆ, ಎರಡು ವರ್ಷದಿಂದ ಮಾಡ್ತಿರೋಳೇ ಅವಳು ಅಂದ್ರು. ಮುದುಕನಿಗೆ ಅರುಳುಮರುಳು ಅಂದ್ಕೊಂಡೆ. ಆ ಎರಡು ವರ್ಷದ ಸಾಕೆ ಕುಡಿದು ಅವರ ಕಾಲಿಗೆ ಬಿದ್ದಿದ್ದೆ ಕಣಮ್ಮಾ. ಕಣ್ಣಿಲ್ಲ ಅಂತ ನನಗೊಂದು ಮಾತು ಹೇಳಬಾರದಿತ್ತಾ? ಬೆನ್ನ ಮೇಲೆ ಹೊತ್ಕೊಂಡು ಏಣಿ ಹತ್ತಿಸ್ತಿದ್ದೆ."

ಚಿಗುಸಾ ಆಗ ತಲೆ ಎತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ.

"ಇವತ್ತು ಬೆಳಿಗ್ಗೆ ಹೊತ್ಕೊಂಡೇ ಹತ್ತಿಸಿದ್ಯಲ್ಲ, ಮಾಮ."